ಫಾಯಿಲ್ ಕಾರ್ಡ್‌ಗಳು ದೋಣಿ ಆಗಿವೆ, ಮನೆ ಬೇರೆ ಖಾಲಿ ಮಾಡ್ಬೇಕು

ಗೂಡು_ಕಟ್ಟಿದವ:
ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಸುಮ್ನೆ ಓದ್ಕೊಂಡು ಹೋಗ್ತಿದ್ದೆ, ಇವತ್ತು ಕೇಳೋ ಸರದಿ ನಂದು.

ನನ್ನ ಹತ್ರ ಮ್ಯಾಜಿಕ್, ಪೋಕೆಮಾನ್ ಅನ್ನೋ ಕಾರ್ಡ್ ಆಟಗಳು ಎರಡೂ ಸೇರಿ ಸುಮಾರು 4000 ಬಿಡಿ ಕಾರ್ಡ್ ಇವೆ. ಜೊತೆಗೆ ಡೊಮಿನಿಯನ್, ಸೆವೆನ್ ವಂಡರ್ಸ್ ಥರದ ಡಬ್ಬದ ಆಟಗಳು ಹದಿನೈದೋ ಹದಿನಾರೋ. ಮಳೆಗಾಲ ಪೂರ್ತಿ ಬೀರು ತೆಗೆದಿರ್ಲಿಲ್ಲ. ಮೊನ್ನೆ ತೆಗೆದು ನೋಡ್ತೀನಿ, ಫಾಯಿಲ್ ಕಾರ್ಡ್‌ಗಳೆಲ್ಲ ಎರಡೂ ಅಂಚು ಮೇಲೆದ್ದು ದೋಣಿ ಆಗಿಬಿಟ್ಟಿವೆ. ದಪ್ಪ ಪುಸ್ತಕದ ಕೆಳಗೆ ಒಂದು ವಾರ ಇಟ್ಟೆ. ತೆಗೆದಾಗ ನೆಟ್ಟಗಿದ್ವು, ಸಂಜೆ ಹೊತ್ತಿಗೆ ಮತ್ತೆ ದೋಣಿ. ಒಂದು ಹಳೇ ಕಾರ್ಡ್ ಕಟ್ಟಿಗೆ ರಬ್ಬರ್ ಬ್ಯಾಂಡ್ ಹಾಕಿದ್ದೆ, ಅದು ಕರಗಿ ಮೇಲಿನ ಕಾರ್ಡಿಗೆ ಅಂಟ್ಕೊಂಡು ಕಂದು ಗೆರೆ ಬಿಟ್ಟಿದೆ.

ಇದು ಸಾಲ್ದು ಅಂತ ಇನ್ನೆರಡು ತಿಂಗಳಲ್ಲಿ ಮನೆ ಬದಲಾಯಿಸ್ತಿದೀವಿ. ಸಾಮಾನೆಲ್ಲ ಲಾರೀಲಿ ಹೋಗುತ್ತೆ. ಬಾಗಿರೋದನ್ನ ಸರಿ ಮಾಡೋದು ಹೇಗೆ? ಎಲ್ಲಕ್ಕೂ ಸ್ಲೀವ್ (ಒಂದೊಂದು ಕಾರ್ಡಿಗೂ ತೊಡಿಸೋ ಪ್ಲಾಸ್ಟಿಕ್ ಕವರ್) ಹಾಕ್ಬೇಕಾ? ಸಾಗಿಸೋದು ಹೇಗೆ? ದಯವಿಟ್ಟು ಗೊತ್ತಿರೋರು ಹೇಳಿ.

ಬರಿಗೈ_ಆಟಗಾರ:
ಮೊದಲನೇ ಉತ್ತರ ನಂದೇ ಆಗ್ಲಿ. ಕಾರ್ಡ್ ಇರೋದು ಆಡೋಕೆ, ಪೂಜೆ ಮಾಡೋಕಲ್ಲ. ನಾನು ಒಂದಕ್ಕೂ ಸ್ಲೀವ್ ಹಾಕಿಲ್ಲ. ಡೊಮಿನಿಯನ್ ಮೂಲ ಡಬ್ಬದಲ್ಲೇ 500 ಕಾರ್ಡ್ ಇವೆ. ಅಷ್ಟಕ್ಕೂ ತೊಡಿಸ್ತಾ ಕೂತ್ರೆ ಆಡೋದು ಯಾವಾಗ? ಅಂಚು ಬೆಳ್ಳಗಾಗುತ್ತೆ, ಆಗ್ಲಿ ಬಿಡಿ. ರಬ್ಬರ್ ಬ್ಯಾಂಡ್ ಮಾತ್ರ ಇವತ್ತೇ ಕಿತ್ತು ಬಿಸಾಕಿ.

ಮೂರನೇ_ಜೋಕರ್:
@ಬರಿಗೈ_ಆಟಗಾರ ಅಣ್ಣ, ನಿಮ್ಮ ಡೊಮಿನಿಯನ್‌ನ ದುಡ್ಡಿನ ಕಾರ್ಡ್‌ಗಳಲ್ಲಿ ತಾಮ್ರದ್ದು ಯಾವುದು, ಚಿನ್ನದ್ದು ಯಾವುದು ಅಂತ ಹಿಂಬದಿ ನೋಡೇ ಹೇಳ್ತೀನಿ ನಾನು. ತಾಮ್ರ ಅಷ್ಟು ಸವೆದಿದೆ. ನಿಮ್ಮ ಜೊತೆ ಆಡಿದಾಗೆಲ್ಲ ನಾನು ಗೆಲ್ಲೋದು ಯಾಕೆ ಅಂದ್ಕೊಂಡ್ರಿ?

ಬರಿಗೈ_ಆಟಗಾರ:
ಅದಕ್ಕೇನಾ!! ಬಾ ನೀನು, ಮುಂದಿನ ಸಲ ನೋಡ್ಕೋತೀನಿ.

ಕಾಗದದ_ಹುಳ:
ಗೂಡು ಅವರೇ, ಹಳೇ ಕಾಗದ ಪತ್ರಗಳನ್ನ ಕಾಪಾಡೋದೇ ನನ್ನ ಉದ್ಯೋಗ. ಹಾಗಾಗಿ ನಿಮ್ಮ ದೋಣಿ ವಿಷಯ ಸ್ವಲ್ಪ ಉದ್ದಕ್ಕೆ ಬರೀತೀನಿ.

ಫಾಯಿಲ್ ಕಾರ್ಡ್ ಅಂದ್ರೆ ಕಾಗದದ ಮೇಲೆ ಮಿಂಚೋ ತೆಳು ಪದರ ಅಂಟಿಸಿದ್ದು. ಕಾಗದ ನಾರಿನಿಂದ ಆಗಿರೋದು. ಗಾಳಿಯಲ್ಲಿ ತೇವ ಹೆಚ್ಚಾದ್ರೆ ನಾರು ನೀರು ಕುಡಿದು ಅಗಲ ಆಗುತ್ತೆ, ಆದ್ರೆ ಮಿಂಚಿನ ಪದರ ಕುಡಿಯೋದಿಲ್ಲ. ಹಿಂಬದಿ ಹಿಗ್ಗಿತು, ಮುಂಬದಿ ಇದ್ದ ಹಾಗೇ ಇತ್ತು ಅಂದ್ರೆ ಕಾರ್ಡ್ ಚಿತ್ರದ ಕಡೆಗೆ ಮಡಚಿಕೊಳ್ಳಲೇಬೇಕು. ನಿಮ್ಮದು ಅದೇ: ಚಿತ್ರ ದೋಣಿಯ ಒಳಗಡೆ ಬಂದಿದೆ. ವಾತಾವರಣ ತೀರಾ ಒಣಗಿದ್ರೆ ಇದರ ತಿರುಗಾಮುರುಗಾ, ಕಾಗದ ಕುಗ್ಗಿ ಚಿತ್ರ ಉಬ್ಬಿಕೊಂಡು ದೋಣಿ ಕವುಚಿ ಹಾಕಿದ ಹಾಗಾಗುತ್ತೆ. ಬಾಗಿದ ದಿಕ್ಕು ನೋಡಿದ್ರೆ ಸಾಕು, ರೋಗ ಯಾವುದು ಅಂತ ಗೊತ್ತಾಗುತ್ತೆ.

ಪುಸ್ತಕದ ಭಾರ ಯಾಕೆ ಕೆಲಸ ಮಾಡಲಿಲ್ಲ ಅಂದ್ರೆ, ಭಾರ ಕಾರ್ಡನ್ನ ಒತ್ತಿ ಹಿಡಿಯಿತೇ ಹೊರತು ಒಳಗಿದ್ದ ತೇವ ತೆಗೆಯಲಿಲ್ಲ. ತೇವ ತೆಗೆದ್ರೆ ಭಾರವೇ ಬೇಕಿಲ್ಲ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬದಲ್ಲಿ ಕಾರ್ಡ್ ಇಟ್ಟು, ತೇವ ಜಾಸ್ತಿಯಿದ್ರೆ ಹೀರಿ ಕಮ್ಮಿಯಿದ್ರೆ ಬಿಡೋ ಪೊಟ್ಟಣಗಳು ಸಿಗುತ್ತವಲ್ಲ, ಅದನ್ನ ಹಾಕಿ. ಮೇಲೆ 49 ಅಂತಲೋ ಮತ್ತೊಂದೋ ಅಂಕಿ ಇರುತ್ತೆ, ಅದು ಡಬ್ಬದೊಳಗೆ ಉಳಿಸೋ ಶೇಕಡಾವಾರು ತೇವಾಂಶ. ಎರಡು ಮೂರು ವಾರ ಮುಟ್ಟಬೇಡಿ. ಕಾಗದಕ್ಕೆ 40ರಿಂದ 50 ಆರಾಮಾದ ಜಾಗ. 65 ದಾಟಿ ಹಾಗೇ ನಿಂತ್ರೆ ಬೂಷ್ಟಿಗೆ ಆಹ್ವಾನ ಕೊಟ್ಟಂಗೆ.

ಸಿಲಿಕಾ ಜೆಲ್ ಕೂಡ ಆಗುತ್ತೆ, ಆದ್ರೆ ಅದಕ್ಕೆ ಹೀರೋದೊಂದೇ ಗೊತ್ತು, ನಿಲ್ಲಿಸೋದು ಗೊತ್ತಿಲ್ಲ. ಸಣ್ಣ ಡಬ್ಬಕ್ಕೆ ಮುಷ್ಟಿ ತುಂಬ ಹಾಕಿದ್ರೆ ಹದಿನೈದು ದಿನಕ್ಕೆ ದೋಣಿ ಕವುಚಿಕೊಳ್ಳುತ್ತೆ. ಇನ್ನೊಂದು ಮಾತು, ನೀಲಿಯಿಂದ ಗುಲಾಬಿಗೆ ತಿರುಗೋ ಹರಳಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತೆ. ಅದು ವಿಷ, ಅಡುಗೆಯ ಓವನ್ನಿನಲ್ಲಿ ಒಣಗಿಸಬೇಡಿ. ಕಿತ್ತಳೆಯಿಂದ ಹಸಿರಿಗೆ ತಿರುಗೋದು ತಗೊಳ್ಳಿ.

ಗೂಡು_ಕಟ್ಟಿದವ:
ಸರ್, ಇಷ್ಟು ಬಿಡಿಸಿ ಯಾರೂ ಹೇಳಿರ್ಲಿಲ್ಲ. ನನ್ನ ಹತ್ರ ಒಂದು ಪುಟಾಣಿ ತೇವಾಂಶ ಮಾಪಕ ಇದೆ, ಬೀರುವಲ್ಲಿ 58 ತೋರಿಸ್ತಿದೆ. ನಂಬಬಹುದಾ?

ಕಾಗದದ_ಹುಳ:
ಪರೀಕ್ಷೆ ಮಾಡಿ ನೋಡಿ, ಮನೆಯಲ್ಲೇ ಆಗುತ್ತೆ. ಬಾಟಲಿ ಮುಚ್ಚಳಕ್ಕೆ ಅಡುಗೆ ಉಪ್ಪು ತುಂಬಿ ಕೆಲವು ಹನಿ ನೀರು ಹಾಕಿ. ಕರಗಬಾರದು, ಒದ್ದೆ ಮರಳಿನ ಹಾಗಿರಬೇಕು. ಅದನ್ನೂ ಮಾಪಕವನ್ನೂ ಜಿಪ್ ಇರೋ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಮುಚ್ಚಿ, ರಾತ್ರಿಯೆಲ್ಲ ಬಿಡಿ. ಬೆಳಿಗ್ಗೆ 75 ತೋರಿಸಬೇಕು. ಒದ್ದೆ ಉಪ್ಪಿನ ಸುತ್ತಲ ಗಾಳಿ ಮಾಮೂಲಿ ಉಷ್ಣಾಂಶದಲ್ಲಿ ಅಲ್ಲೇ ನಿಲ್ಲುತ್ತೆ. ಎಷ್ಟು ವ್ಯತ್ಯಾಸ ಇದೆಯೋ ಅಷ್ಟನ್ನ ಮಾಪಕದ ಮೇಲೆ ಬರೆದು ಅಂಟಿಸಿಬಿಡಿ.

ಗೂಡು_ಕಟ್ಟಿದವ:
ಬೆಳಿಗ್ಗೆ ನೋಡಿದೆ: 66! ಅಂದ್ರೆ ಒಂಬತ್ತು ಕಮ್ಮಿ ತೋರಿಸ್ತಿತ್ತು. ಬೀರುವಲ್ಲಿ ನಿಜವಾಗಿ 67ರ ಹತ್ರ ಇತ್ತು ಅಂತಾಯ್ತು. ಇಷ್ಟು ದಿನ ಸುಳ್ಳು ನಂಬ್ಕೊಂಡು ಆರಾಮಾಗಿ ಮಲಗಿದ್ದೆ.

ರಟ್ಟಿನರಮನೆ:
ಬೀರು ಗೋಡೆಗೆ ಅಂಟಿಕೊಂಡಿದೆಯಾ ನೋಡಿ. ಹೊರಗೋಡೆಗೆ ಒರಗಿಸಿದ್ರೆ ಥಂಡಿ ಎಳ್ಕೊಳುತ್ತೆ. ನಾಲ್ಕು ಬೆರಳಷ್ಟು ಸಂದು ಬಿಡಿ, ಡಬ್ಬ ನೆಲದ ಮೇಲೆ ಇಡಲೇಬೇಡಿ. ನೀರು ಹರಿದ್ರೂ ಗೆದ್ದಲು ಬಂದ್ರೂ ಮೊದಲು ಸಿಗೋದು ನೆಲದ ಮೇಲಿನ ಡಬ್ಬ. ಇನ್ನು ಗಾಳಿಯಾಡದ ಡಬ್ಬ ಅಂತ ಮಳೆ ಸುರಿಯೋ ದಿನ ಕೂತು ಮುಚ್ಚಿದ್ರೆ ಆ ದಿನದ ತೇವನೂ ಒಳಗೇ ಬಂದಿ. ಬಿಸಿಲಿರೋ ಒಣ ದಿನ ನೋಡಿ ಮುಚ್ಚಿ.

ಈಗ ಸ್ಲೀವ್ ವಿಷಯ. ನಾನು ಇಡೀ ಮನೆ ಆಟಗಳಿಗೆಲ್ಲ ಸ್ಲೀವ್ ಹಾಕಿ, ಆಮೇಲೆ ಅರ್ಧ ಬಿಚ್ಚಿದವಳು. ಅದಕ್ಕೇ ಹೇಳ್ತಿದೀನಿ, ಮೊದಲು ಅಳತೆ ಪಟ್ಟಿ ಹಿಡೀರಿ. ನಿಮ್ಮ ಮ್ಯಾಜಿಕ್, ಪೋಕೆಮಾನ್ ಎರಡೂ 63×88 ಮಿಲಿಮೀಟರ್, ಅದಕ್ಕೆ 66×91ರ ಸ್ಲೀವ್. ಯು-ಗಿ-ಓ ಸಣ್ಣದು, 59×86, ಅದಕ್ಕೆ 62×89. ಸೆವೆನ್ ವಂಡರ್ಸ್ 65×100. ಕಾಟಾನ್ 54×80. ಡಿಕ್ಸಿಟ್ ಅಂತೂ 80×120, ತಟ್ಟೆ ಥರ. "ಎಲ್ಲಾ ಕಾರ್ಡಿಗೂ ಆಗುತ್ತೆ" ಅಂತ ಅಂದಾಜಲ್ಲಿ ತಂದು ನೂರರ ಪೊಟ್ಟಣ ಮೂರು ದಂಡ ಮಾಡ್ಕೊಂಡಿದೀನಿ.

ಮತ್ತೆ ದಪ್ಪ. ಇದನ್ನ ಯಾರೂ ಮೊದಲೇ ಯೋಚಿಸಲ್ಲ. ಮ್ಯಾಜಿಕ್ ಕಾರ್ಡ್ ಒಂದು 0.3 ಮಿಲಿಮೀಟರ್ ಚಿಲ್ಲರೆ. ನೂರು ಜೋಡಿಸಿದ್ರೆ ಮೂರು ಸೆಂಟಿಮೀಟರ್. ಅದೇ ನೂರಕ್ಕೆ ದಪ್ಪ ಸ್ಲೀವ್ ಹಾಕಿ ಮೇಜಿನ ಮೇಲೆ ಅಳತೆ ಪಟ್ಟಿ ನಿಲ್ಲಿಸಿ ನೋಡಿದೆ, ಆರರ ಹತ್ರ ಬಂತು. ಪ್ಲಾಸ್ಟಿಕ್ ಸ್ವಲ್ಪ, ನಡುವೆ ಸಿಕ್ಕಿದ ಗಾಳಿ ಸ್ವಲ್ಪ. ಬರಿಗೈ ಅವರ ಡೊಮಿನಿಯನ್ ಕಾರ್ಡ್ 500ಕ್ಕೂ ಹೀಗೆ ಮಾಡಿದ್ರೆ ಡಬ್ಬದ ಒಳಗಿನ ಖಾನೆಗಳ ಅಚ್ಚು ಕಿತ್ತು ಹಾಕದೆ ಮುಚ್ಚಳ ಕೂರೋದಿಲ್ಲ. ನಾನು 5 ಮಿಲಿಮೀಟರ್ ಫೋಮ್ ಬೋರ್ಡ್ ಕತ್ತರಿಸಿ, ಬಿಳಿ ಫೆವಿಕಾಲ್ ಹಾಕಿ ನನ್ನದೇ ಖಾನೆ ಮಾಡ್ಕೊಂಡೆ. ಖಾನೆ ಅಗಲ ಕಾರ್ಡಿನ ಅಳತೆಗಲ್ಲ, ಸ್ಲೀವ್ ಹಾಕಿದ ಅಳತೆಗೆ ಎರಡು ಮಿಲಿಮೀಟರ್ ಸೇರಿಸಿ ಬಿಡ್ಬೇಕು. ಒಂದು ಬದಿಗೆ ಬೆರಳು ಹೋಗೋ ಹಾಗೆ ಅರ್ಧ ವೃತ್ತ ಕತ್ತರಿಸಿ. ಅದು ಮರೆತ್ರೆ ಡಬ್ಬ ತಲೆಕೆಳಗೆ ಮಾಡಿ ಕುಟ್ಟಿ ಕಾರ್ಡ್ ತೆಗೀಬೇಕಾಗುತ್ತೆ (ಅನುಭವ).

ಹಾಗಾದ್ರೆ ಯಾವುದಕ್ಕೆ ಹಾಕೋದು? ಕಲೆಸೋ ಕಾರ್ಡಿಗೆ, ಹಿಂಬದಿ ಸವೆತದಿಂದ ಗುಟ್ಟು ರಟ್ಟಾಗೋ ಕಾರ್ಡಿಗೆ ಹಾಕಿ. ಮೇಜಿನ ಮೇಲೆ ತೆರೆದಿಟ್ಟು ಓದೋ ಕಾರ್ಡಿಗೆ ಬೇಡ. ನನ್ನ ಲೆಕ್ಕ ಇಷ್ಟೇ.

ಸುಮ್ನೆ_ನೋಡ್ತಿರೋಳು:
ಒಳಗೊಂದು ಹೊರಗೊಂದು ಅಂತ ಎರಡು ಸ್ಲೀವ್ ಹಾಕ್ತಾರಲ್ಲ, ಅದು ಶೋಕಿಗಾ?

ಮೂರನೇ_ಜೋಕರ್:
ಪೂರ್ತಿ ಶೋಕಿ ಅಲ್ಲ. ಒಳಗಿನದು ಕಾರ್ಡಿಗೆ ಮೈಗಂಟಿದ ಬನಿಯನ್ ಥರ, 64×89. ಅದನ್ನ ಕಾರ್ಡಿನ ತಲೆ ಕಡೆಯಿಂದ ಹಾಕಿ, ಬಾಯಿ ಕೆಳಗೆ ಬರಲಿ. ಹೊರಗಿನದು ಕೆಳಗಿಂದ ಹಾಕಿ, ಬಾಯಿ ಮೇಲೆ. ಎರಡು ಬಾಯಿ ವಿರುದ್ಧ ದಿಕ್ಕಲ್ಲಿ ಇರೋದ್ರಿಂದ ಮೇಜಿನ ಮೇಲೆ ಲೋಟ ಉರುಳಿದ್ರೂ ನೀರು ನೇರವಾಗಿ ಕಾರ್ಡಿಗೆ ದಾರಿ ಕಂಡ್ಕೊಳಲ್ಲ. ಮುಳುಗಿಸಿದ್ರೆ ಮಾತ್ರ ಒಳಗೆ ಹೋಗೇ ಹೋಗುತ್ತೆ, ವಾಟರ್‌ಪ್ರೂಫ್ ಅಂದ್ಕೋಬೇಡಿ. ಹಾಕಿದ ಮೇಲೆ ಒಳಗೆ ಗಾಳಿ ನಿಂತು ಕಟ್ಟು ಹಪ್ಪಳದ ಥರ ಉಬ್ಬುತ್ತೆ, ಒಂದು ರಾತ್ರಿ ಪುಸ್ತಕದ ಕೆಳಗಿಟ್ರೆ ಇಳಿಯುತ್ತೆ.

ಇನ್ನೊಂದು: ಆಡೋ ಕಟ್ಟಿಗೆ ಸ್ಲೀವ್ ತಗೊಳೋವಾಗ ಅದೇ ಬ್ಯಾಚಿನ ಒಂದು ಪೊಟ್ಟಣ ಜಾಸ್ತಿ ತೆಗೆದಿಟ್ಕೊಳ್ಳಿ. ಒಂದು ಹರಿದು ಬೇರೆ ಬ್ಯಾಚಿಂದು ಹಾಕಿದ್ರೆ ಕಪ್ಪಲ್ಲೂ ಕಪ್ಪು ಬೇರೆ ಕಾಣುತ್ತೆ. ಸ್ಪರ್ಧೆಯಲ್ಲಿ ಅದು ಗುರುತು ಮಾಡಿದ ಕಾರ್ಡ್ ಅಂತಾನೇ ಲೆಕ್ಕ.

ಬರಿಗೈ_ಆಟಗಾರ:
ಬನಿಯನ್, ಅಂಗಿ, ಆಮೇಲೆ ಕೋಟು. ಮದುವೆ ಗಂಡು ರೆಡಿ.

ಮೂರನೇ_ಜೋಕರ್:
ಕೋಟು ಅಂದ್ರಿ, ನೆನಪಾಯ್ತು. ಟಾಪ್‌ಲೋಡರ್ ಅಂತ ಗಟ್ಟಿ ಪ್ಲಾಸ್ಟಿಕ್ ಹಾಳೆ ಬರುತ್ತಲ್ಲ, ಅದಕ್ಕೆ ಬರೀ ಕಾರ್ಡ್ ತೂರಿಸ್ಬೇಡಿ. ಒಳಗೆ ಧೂಳಿನ ಒಂದು ಕಣ ಇದ್ರೆ ಸಾಕು, ಕಾರ್ಡ್ ಜಾರೋವಾಗ ಉದ್ದಕ್ಕೂ ಗೀರು ಬೀಳುತ್ತೆ. ನಂದೊಂದು ಹೀಗೇ ಹೋಯ್ತು. ಮೆತ್ತನೆ ತೆಳು ಸ್ಲೀವ್ ಹಾಕಿ ಆಮೇಲೆ ತೂರಿಸಿ. ಬಾಯಿಗೆ ಸೆಲ್ಲೋಟೇಪ್ ಬೇಡ, ಬಣ್ಣ ಹಚ್ಚೋರು ಬಳಸೋ ಮಾಸ್ಕಿಂಗ್ ಟೇಪ್ ಹಾಕಿ, ತುದಿ ಸ್ವಲ್ಪ ಮಡಚಿ. ಇಲ್ದಿದ್ರೆ ತೆಗೆಯೋನು ಉಗುರಲ್ಲಿ ಕೆರೆದು, ಕೊನೆಗೆ ಬ್ಲೇಡ್ ತಗೋತಾನೆ.

ಆಲ್ಬಮ್ ಇದೆಯಾ ನಿಮ್ಮ ಹತ್ರ? ಮೂರು ಉಂಗುರದ್ದಾದ್ರೆ ಹುಷಾರು.

ಗೂಡು_ಕಟ್ಟಿದವ:
ಇದೆ, ಉಂಗುರದ್ದೇ. ಒಳ್ಳೊಳ್ಳೆ ಕಾರ್ಡೆಲ್ಲ ಅದರಲ್ಲೇ ಇವೆ. ಯಾಕೆ?

ಮೂರನೇ_ಜೋಕರ್:
ಮೊದಲನೇ ಹಾಳೆ ತೆಗೆದು, ಉಂಗುರದ ಪಕ್ಕದ ಸಾಲಿನ ಕಾರ್ಡನ್ನ ಬೆಳಕಿಗೆ ಓರೆ ಹಿಡಿದು ನೋಡಿ.

ಗೂಡು_ಕಟ್ಟಿದವ:
ಅಯ್ಯೋ. ಮೂರು ಕಾರ್ಡಲ್ಲಿ ಎಡ ಅಂಚಿಗೆ ಅರ್ಧಚಂದ್ರದ ಗುರುತು ಬಿದ್ದಿದೆ. ಬೆರಳಾಡಿಸಿದ್ರೆ ತಗ್ಗು ಗೊತ್ತಾಗ್ತಿದೆ. ಇಷ್ಟು ವರ್ಷ ಕಣ್ಣಿಗೇ ಬಿದ್ದಿರ್ಲಿಲ್ಲ!

ಮೂರನೇ_ಜೋಕರ್:
ದುಂಡು ಉಂಗುರದ ಆಲ್ಬಮ್ ಮುಚ್ಚಿದಾಗ ಮೊದಲನೇ, ಕೊನೇ ಹಾಳೆಗಳು ಉಂಗುರದ ಬಾಗಿನ ಮೇಲೆ ಹತ್ತಿ ಕೂರ್ತವೆ. ಪಕ್ಕದ ಪುಸ್ತಕದ ಒತ್ತಡ ಬಿದ್ದು ಅದೇ ಅಚ್ಚಾಗುತ್ತೆ. ಡಿ ಆಕಾರದ ಉಂಗುರದಲ್ಲಿ ಈ ಕಾಟ ಕಮ್ಮಿ. ಉಂಗುರವೇ ಇಲ್ಲದೆ ಹಾಳೆಗಳನ್ನ ಬೆನ್ನಿಗೆ ಹೊಲಿದ, ಪಕ್ಕದಿಂದ ಕಾರ್ಡ್ ತೂರಿಸೋ, ಸುತ್ತಲೂ ಜಿಪ್ ಇರೋ ಆಲ್ಬಮ್ ಎಲ್ಲಕ್ಕಿಂತ ವಾಸಿ. ತಲೆಕೆಳಗಾದ್ರೂ ಕಾರ್ಡ್ ಜಾರಲ್ಲ. ಒಂದು ಜೇಬಿಗೆ ಎರಡೆರಡು ತುರುಕಬೇಡಿ.

ಕಾಗದದ_ಹುಳ:
ಆ ಹಾಳೆಗಳ ವಾಸನೆ ನೋಡಿ. ಹೊಸ ರೇನ್‌ಕೋಟಿನ ವಾಸನೆ ಬಂದ್ರೆ ಅದು ಪಿವಿಸಿ ಅನ್ನೋ ಮೆದು ಪ್ಲಾಸ್ಟಿಕ್ ಇರಬಹುದು. ಮೆತ್ತಗಿರಲಿ ಅಂತ ಹಾಕಿದ ಎಣ್ಣೆಯಂಥ ವಸ್ತು ವರ್ಷಗಳು ಕಳೆದ ಹಾಗೆ ಹೊರಗೆ ಒಸರಿ ಹಾಳೆ ಅಂಟಂಟಾಗುತ್ತೆ, ಕಾರ್ಡಿನ ಶಾಯಿಯನ್ನೂ ಎಬ್ಬಿಸುತ್ತೆ. ಪಾಲಿಪ್ರೊಪಿಲೀನ್ ಅಂತ ಬರೆದಿರೋದು ತಗೊಳ್ಳಿ. ಬಿಸಿಲು ಬೀಳೋ ಕಪಾಟು ಬೇಡ. ಬಿಸಿಲಿಗೆ ಕೆಂಪು, ಹಳದಿ ಮೊದಲು ಹೋಗಿ ಚಿತ್ರ ನೀಲಿಗಟ್ಟುತ್ತೆ, ಒಮ್ಮೆ ಹೋದ ಬಣ್ಣ ವಾಪಸ್ ಬರಲ್ಲ.

ಹುಳಕ್ಕೆ ಅಂತ ನುಸಿಗುಳಿಗೆ ಹಾಕ್ತೀರಾ? ಬೇಡ. ಪಾಲಿಸ್ಟೈರೀನ್‌ನಂಥ ಪ್ಲಾಸ್ಟಿಕ್ ಅದರ ಆವಿಗೆ ಮೆತ್ತಗಾಗುತ್ತೆ, ಆಟದ ಕಾಯಿಗಳು ಇದ್ದ ಡಬ್ಬದಲ್ಲಿ ಅಂತೂ ಬೇಡವೇ ಬೇಡ. ತೇವ ಕಮ್ಮಿ ಮಾಡಿದ್ರೆ ಪುಸ್ತಕದ ಸಂದಿಯಲ್ಲಿ ಓಡಾಡೋ ಬೆಳ್ಳಿ ಬಣ್ಣದ ಹುಳ ತಾನಾಗೇ ಜಾಗ ಖಾಲಿ ಮಾಡುತ್ತೆ.

ಸುಮ್ನೆ_ನೋಡ್ತಿರೋಳು:
ಒಂದು ವೇಳೆ ಪೂರ್ತಿ ನೆಂದೇ ಹೋದ್ರೆ?

ಕಾಗದದ_ಹುಳ:
ಕಟ್ಟು ಕಟ್ಟಾಗಿ ಒಣಗಲು ಬಿಡಬೇಡಿ. ಮೇಲ್ಮೈಗೆ ಹೊಳಪಿನ ಲೇಪನ ಇರೋ ಕಾಗದ ಒಂದಕ್ಕೊಂದು ತಾಗಿಕೊಂಡೇ ಒಣಗಿದ್ರೆ ಇಟ್ಟಿಗೆ ಆಗುತ್ತೆ, ಆಮೇಲೆ ಬಿಡಿಸಿದ್ರೆ ಚಿತ್ರವೇ ಕಿತ್ತು ಬರುತ್ತೆ. ಸ್ಲೀವಿನಿಂದ ತೆಗೆದು, ಒದ್ದೆ ಇರುವಾಗಲೇ ಬಿಡಿ ಬಿಡಿ ಮಾಡಿ, ನೀರು ಹೀರೋ ಕಾಗದದ ಮೇಲೆ ಹರಡಿ ಫ್ಯಾನ್ ಗಾಳಿಗೆ ಬಿಡಿ. ಬಿಸಿಲು ಬೇಡ, ಹೇರ್ ಡ್ರೈಯರ್ ಬೇಡ. ನೂರಾರು ಇದ್ದು ಕೈ ಸಾಲದಿದ್ರೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಫ್ರೀಜರಿನಲ್ಲಿಡಿ. ತಮಾಷೆಯಲ್ಲ, ನೆಂದ ಪುಸ್ತಕಗಳಿಗೂ ಹೀಗೇ ಮಾಡ್ತೀವಿ. ಬೂಷ್ಟು ಹಿಡಿಯೋಕೆ ಎರಡು ಮೂರು ದಿನ ಸಾಕು, ಫ್ರೀಜರ್ ಆ ಗಡಿಯಾರ ನಿಲ್ಲಿಸುತ್ತೆ.

ರಟ್ಟಿನರಮನೆ:
ಸಾಗಿಸೋ ವಿಷಯಕ್ಕೆ ಯಾರೂ ಬಂದೇ ಇಲ್ಲ. ನಾನು ಮೂರು ಸಲ ಮನೆ ಬದಲಾಯಿಸಿದೀನಿ.

ಕಾರ್ಡ್ ಭಾರ ಅನ್ನೋದು ಮರೀಬೇಡಿ. ಒಂದು ಕಾರ್ಡ್ ಹತ್ರ ಹತ್ರ 1.8 ಗ್ರಾಂ. ಸಾವಿರಕ್ಕೆ 1.8 ಕಿಲೋ, ನಿಮ್ಮ 4000ಕ್ಕೆ ಸ್ಲೀವ್ ಇಲ್ಲದೇನೇ ಏಳು ಕಿಲೋ ದಾಟುತ್ತೆ. ಎಲ್ಲಾ ಒಂದೇ ರಟ್ಟಿನ ಡಬ್ಬಕ್ಕೆ ತುಂಬಿ ಎತ್ತಿದ್ರೆ ತಳ ಬಿಚ್ಚಿಕೊಂಡು ಮೆಟ್ಟಿಲ ತುಂಬ ಕಾರ್ಡ್ ಹಾಸಿಗೆ. ಸಾವಿರದ ಉದ್ದ ಡಬ್ಬ ನಾಲ್ಕು ಮಾಡಿ, ತಳಕ್ಕೆ ಅಡ್ಡ ಉದ್ದ ಎರಡೂ ಕಡೆ ಟೇಪ್ ಹಾಕಿ.

ಎಲ್ಲಕ್ಕಿಂತ ಮುಖ್ಯ, ಒಳಗೆ ಜಾಗ ಉಳೀಬಾರದು. ದಾರಿಯಲ್ಲಿ ಕಾರ್ಡ್ ಹಾಳಾಗೋದು ಡಬ್ಬ ಬಿದ್ದು ಅಲ್ಲ, ಒಳಗೆ ಅಲ್ಲಾಡಿ. ಡಬ್ಬದಲ್ಲಿ ಮೂರು ಬೆರಳು ಖಾಲಿ ಇದ್ರೂ ಸಾಲು ಒಂದು ಕಡೆ ಒರಗುತ್ತೆ, ಗಂಟೆಗಟ್ಟಲೆ ಲಾರಿ ಕುಲುಕಿದ್ರೆ ಒರಗಿದ ಹಾಗೇ ಬಾಗುತ್ತೆ. ಖಾಲಿ ಜಾಗಕ್ಕೆ ಫೋಮ್ ತುಂಡು ಕತ್ತರಿಸಿ ಹಾಕಿ. ಅಂಗೈಯಿಂದ ಲೈಟಾಗಿ ಒತ್ತಿದ್ರೆ ಮಿಸುಕಾಡಬಾರದು, ಒಂದು ಕಾರ್ಡ್ ಮೇಲೆ ಎಳೆದ್ರೆ ಸಲೀಸಾಗಿ ಬರಬೇಕು. ಅಷ್ಟು ಬಿಗಿ. ಮುಚ್ಚಿ, ಕಿವಿ ಹತ್ರ ಹಿಡಿದು ಅಲ್ಲಾಡಿಸಿ. ಸದ್ದು ಬಂದ್ರೆ ಮತ್ತೆ ತೆಗೀರಿ.

ಆಟದ ಡಬ್ಬಗಳಿಗೂ ಅದೇ. ಮುಚ್ಚಳದ ಒಳಗೆ ಖಾಲಿ ಇದ್ರೆ ಪೇಪರ್ ಉಂಡೆ ಮಾಡಿ ತುಂಬಿ. ಮುಚ್ಚಳಕ್ಕೆ ಟೇಪ್ ಹಚ್ಚಿದ್ರೆ ಮೇಲಿನ ಚಿತ್ರ ಕಿತ್ತು ಬರುತ್ತೆ, ಅಡುಗೆಮನೆಯ ಪ್ಲಾಸ್ಟಿಕ್ ಫಿಲ್ಮ್ ಸುತ್ತಿ. ತಲುಪಿದ ದಿನವೇ ಬಿಚ್ಚಿಬಿಡಿ.

ಮೂರನೇ_ಜೋಕರ್:
ಆಲ್ಬಮ್ಮು, ಬೆಲೆಬಾಳೋ ಕಟ್ಟು ಲಾರಿಗೆ ಬೇಡ, ಕೈಚೀಲದಲ್ಲಿ ನಿಮ್ಮ ಜೊತೆ ಬರ್ಲಿ. ವಿಮಾನದಲ್ಲಿ ಹೋಗೋರಿಗೂ ಇದೇ ಮಾತು, ಕೈಚೀಲದಲ್ಲೇ ಇಟ್ಕೊಳ್ಳಿ. ತಪಾಸಣೆಯ ಎಕ್ಸ್-ರೇಯಿಂದ ಕಾರ್ಡಿಗೆ ಏನೂ ಆಗಲ್ಲ. ಕಾರ್ಡಿನ ದಪ್ಪ ಗಡ್ಡೆ ತೆರೆಯ ಮೇಲೆ ವಿಚಿತ್ರವಾಗಿ ಕಂಡು ತೆಗೆದು ತೋರ್ಸಿ ಅನ್ನಬಹುದು ಅಷ್ಟೇ, ಮೇಲ್ಗಡೆನೇ ಇಟ್ಕೊಂಡಿರಿ. ಹೊರಡೋ ಮುಂಚೆ ಆಲ್ಬಮ್ಮಿನ ಪ್ರತಿ ಹಾಳೆ ಫೋಟೋ ತೆಗೀರಿ. ಒಂದು ಕಾರ್ಡ್ ಕಾಣ್ದೆ ಹೋದ್ರೆ ಇತ್ತೋ ಇಲ್ವೋ ಅಂತ ತಲೆ ಕೆಡಿಸ್ಕೊಳೋದು ತಪ್ಪುತ್ತೆ. ಮತ್ತೆ ನಿಲ್ಲಿಸಿದ ಕಾರಲ್ಲಿ ಮಾತ್ರ ಬಿಡಬೇಡಿ.

ಗೂಡು_ಕಟ್ಟಿದವ:
(ಹನ್ನೊಂದು ವಾರದ ನಂತರ)
ಬಂದು ಸೇರಿದ್ವಿ. ವರದಿ ಒಪ್ಪಿಸ್ತೀನಿ.

ದೋಣಿಗಳು ಹದಿನೆಂಟನೇ ದಿನಕ್ಕೆ ಮೇಜಿಗೆ ಅಂಟಿದಂಗೆ ಚಪ್ಪಟೆ ಆದ್ವು. ತೀರಾ ಹಳೇವು ಎರಡು ಮಾತ್ರ ಸ್ವಲ್ಪ ಮುಖ ಸೊಟ್ಟ ಮಾಡ್ಕೊಂಡಿವೆ. ಲಾರೀಲಿ ಬಂದ ನಾಲ್ಕು ಡಬ್ಬಾನೂ ಇಟ್ಟ ಹಾಗೇ ಇವೆ, ಅಕ್ಕ ಹೇಳಿದ ಕಿವಿ ಪರೀಕ್ಷೆಯಲ್ಲಿ ಎರಡು ಡಬ್ಬ ಎರಡೆರಡು ಸಲ ಫೇಲ್ ಆಗಿತ್ತು. ಡೊಮಿನಿಯನ್‌ಗೆ ಸ್ಲೀವ್ ಹಾಕಿಲ್ಲ, ಸೆವೆನ್ ವಂಡರ್ಸ್‌ಗೆ ಹಾಕಿದೆ. ಉಂಗುರದ ಆಲ್ಬಮ್ ಈಗ ಕರೆಂಟ್ ಬಿಲ್ ಇಡೋಕೆ.

ಆದ್ರೆ ಒಂದು ಎಡವಟ್ಟಾಯ್ತು. ನನ್ನ ಇಷ್ಟದ ಕಟ್ಟು, ಪೂರ್ತಿ ಫಾಯಿಲ್, ಲಾರಿಗೆ ಕೊಡದೆ ನಾನೇ ತಂದೆ. ದಾರಿಯಲ್ಲಿ ಊಟಕ್ಕೆ ನಿಲ್ಲಿಸಿದಾಗ ಸೀಟಿನ ಮೇಲೆ ಬಿಟ್ಟು ಇಳಿದೆ. ಒಂದು ಗಂಟೆ, ಕಿಟಕಿಯಿಂದ ನೇರ ಬಿಸಿಲು. ವಾಪಸ್ ಬಂದಾಗ ಡಬ್ಬ ಕೈ ಸುಡ್ತಿತ್ತು. ಈ ಸಲ ಚಿತ್ರ ಉಬ್ಬಿದೆ, ದೋಣಿ ಕವುಚಿ ಬಿದ್ದಿದೆ.

ಮೂರನೇ_ಜೋಕರ್:
ನಾನು ಬರೆದ ಕೊನೇ ಸಾಲೇ ಅದು ಅಣ್ಣಾ! ಕೊನೇ ಸಾಲು!

ಕಾಗದದ_ಹುಳ:
ಗಾಬರಿ ಬೇಡ. ಬಿಸಿಗೆ ಕಾಗದದ ತೇವ ಆರಿದೆ. ಅದೇ ಡಬ್ಬ, ಅದೇ ಪೊಟ್ಟಣ. ಈ ಸಲ ಅದು ಹೀರೋ ಬದಲು ಬಿಡುತ್ತೆ. ಸ್ಲೀವಿನಿಂದ ಹೊರಗೆ ತೆಗೆದು ಇಡಿ, ಬೇಗ ಆಗುತ್ತೆ. ಎರಡು ವಾರ ಆ ಕಟ್ಟಲ್ಲಿ ಆಟ ಬಂದ್.

ಬರಿಗೈ_ಆಟಗಾರ:
ಎರಡು ವಾರ ಸುಮ್ನೆ ಕೂರ್ತೀರಾ? ಭಾನುವಾರ ನನ್ನ ಡೊಮಿನಿಯನ್ ತರ್ತೀನಿ. ತಾಮ್ರದ 60ಕ್ಕೆ ಮಾತ್ರ ಸ್ಲೀವ್ ಹಾಕೋಣ ಅಂದ್ಕೊಂಡೆ, ಜೋಕರ್ ಕಾಟ ತಪ್ಪುತ್ತೆ ಅಂತ.

ರಟ್ಟಿನರಮನೆ:
ತಾಮ್ರಕ್ಕೆ ಮಾತ್ರ ಹಾಕಿದ್ರೆ ಅವನಿಗೆ ಇನ್ನೂ ಸುಲಭ ಆಗುತ್ತೆ ಮಾರಾಯ್ರೇ.

ಬರಿಗೈ_ಆಟಗಾರ:
...ಹೌದಲ್ವಾ. 500 ಬೇಕಾ ಹಾಗಾದ್ರೆ? ಅಳತೆ ಎಷ್ಟು ಅದಕ್ಕೆ?